ಬ್ಯಾಂಕಿನೊಳಗಿನ ತಪ್ಪೆಣಿಕೆ: ಲೀಕಾಕ್‌ನ ಕಥೆ ಮತ್ತು ಇಂಗ್ಲಿಷ್ ತರಗತಿ

ಕೆನಡಾದ ಲೇಖಕ ಸ್ಟೀಫನ್ ಲೀಕಾಕ್‌ನ (1869-1944) ‘ಮೈ ಫೈನಾನ್ಶಿಯಲ್ ಕೆರಿಯರ್’ ಇಂಗ್ಲಿಷ್ ತರಗತಿಗಳಲ್ಲಿ ಹಾಸ್ಯದ ಮಾದರಿಯಾಗಿ ಓದಿಸಲಾಗುವ ಕಿರುಗಥೆ. 1910ರಲ್ಲಿ ಪ್ರಕಟವಾದ ‘ಲಿಟರರಿ ಲ್ಯಾಪ್ಸಸ್’ ಸಂಕಲನದ ಮೊದಲ ಬರೆಹವಿದು. ಬ್ಯಾಂಕಿನ ರೀತಿನೀತಿ ಅರಿಯದ ಅಂಜುಬುರುಕನೊಬ್ಬನ ಪೇಚಾಟ ಎಂಬ ಒಂದು ವಾಕ್ಯದ ಸಾರಾಂಶದೊಂದಿಗೆ ಪಾಠ ಮುಗಿದುಬಿಡುವುದುಂಟು. ಈ ಸಾರಾಂಶವು ತಪ್ಪೆಣಿಕೆಯ ಹೊಣೆಯನ್ನೆಲ್ಲ ನಿರೂಪಕನ ತಲೆಗೆ ಕಟ್ಟುತ್ತದೆ. ಪಠ್ಯವಾದರೋ ಹಾಗೆ ಹೇಳುವುದಿಲ್ಲ.

ಸಂಬಳ ತಿಂಗಳಿಗೆ 50 ಡಾಲರಿಗೆ ಏರಿದ ಕಾರಣ ನಿರೂಪಕ ಖಾತೆ ತೆರೆಯಲು ಹೋಗುತ್ತಾನೆ. ಜೇಬಿನಲ್ಲಿ ಉಂಡೆಯಾಗಿ ಮುದುಡಿದ 56 ಡಾಲರುಗಳಿವೆ. ಖಾತೆ ತೆರೆಯುವವನು ಮ್ಯಾನೇಜರನನ್ನು ಕಾಣಲೇಬೇಕೆಂಬುದು ಅವನ ಮೊದಲ ತಪ್ಪುಗ್ರಹಿಕೆ. ಕಾಣಬೇಕೆಂದು ಕೇಳಿದವನು, ಏಕೆಂದು ತನಗೇ ತಿಳಿಯದೆ, ‘ಅಲೋನ್’ ಎಂಬ ಪದವನ್ನೂ ಸೇರಿಸುತ್ತಾನೆ. ಇಡೀ ಕಥೆ ತಿರುಗುವುದು ಈ ಒಂದು ಪದದ ಮೇಲೆ. ಮ್ಯಾನೇಜರ್ ಅವನನ್ನು ಒಳಕೊಠಡಿಗೆ ಕರೆದೊಯ್ದು ಬಾಗಿಲಿಗೆ ಬೀಗ ಹಾಕುತ್ತಾನೆ; ಪಿಂಕರ್ಟನ್ ಸಂಸ್ಥೆಯ ಪತ್ತೇದಾರನೆಂದು ಬಗೆಯುತ್ತಾನೆ. ಅದು ಅಲ್ಲವೆಂದಾದ ಮೇಲೆ, ದೊಡ್ಡ ಮೊತ್ತದ ಖಾತೆಯೇ ಇರಬೇಕೆಂದು ಎಣಿಸುತ್ತಾನೆ. ತನ್ನನ್ನು ರಾತ್‌ಶೈಲ್ಡ್ ಮನೆತನದ ಕುಡಿಯೆಂದು ತಿಳಿದಿರಬೇಕೆಂಬುದು ಮಾತ್ರ ನಿರೂಪಕನ ಊಹೆ. ಅದನ್ನು ಮ್ಯಾನೇಜರನ ಮಾತೆಂದು ಬರೆಸುವ ಟಿಪ್ಪಣಿಗಳು ಪಠ್ಯವನ್ನು ಸರಿಯಾಗಿ ಓದಿದವಲ್ಲ.

ಜನರ ಯೋಗ್ಯತೆಯನ್ನು ಅಳೆಯುವುದೇ ವೃತ್ತಿಯಾದವನು ಎರಡು ಸಲ, ಎರಡು ವಿರುದ್ಧ ದಿಕ್ಕುಗಳಲ್ಲಿ ತಪ್ಪುತ್ತಾನೆ ಎಂಬುದು ಇಲ್ಲಿ ಗಮನಾರ್ಹ. ಆದರೆ ಮೊತ್ತ ತಿಳಿದ ಕೂಡಲೇ ಅವನು ಮಾಡುವುದೇನು? ಬಾಗಿಲು ತೆರೆದು, ಎಲ್ಲರಿಗೂ ಕೇಳುವಂತೆ 56 ಡಾಲರ್ ಎಂದು ಅಕೌಂಟೆಂಟನಿಗೆ ಸಾರುತ್ತಾನೆ. ತಪ್ಪು ಮ್ಯಾನೇಜರನದು, ಅವಮಾನ ಗ್ರಾಹಕನದು. ಹೊರಡುವ ಅವಸರದಲ್ಲಿ ನಿರೂಪಕ ಬಾಗಿಲೆಂದು ತಿಳಿದು ತಿಜೋರಿಯೊಳಕ್ಕೆ ಕಾಲಿಡುವುದು ಇದಾದ ಮೇಲೆ, ಅದಕ್ಕೆ ಮೊದಲಲ್ಲ. ಈ ಅನುಕ್ರಮವನ್ನು ತರಗತಿಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತಿ ತೋರಿಸುವುದಿಲ್ಲ.

ಕಥೆಯನ್ನು ಕನ್ನಡದಲ್ಲಿ ವಿವರಿಸುವ ಅಧ್ಯಾಪಕರಿಗೆ ಇನ್ನೊಂದು ತೊಡಕಿದೆ. ‘ಅಲೋನ್’ ಎಂಬುದನ್ನು ‘ಪ್ರತ್ಯೇಕವಾಗಿ’ ಎಂದರೆ ಅದು ಕಚೇರಿಯ ಅರ್ಜಿಯ ಮಾತಾಗಿ, ಮ್ಯಾನೇಜರನ ಗಾಬರಿಗೆ ಕಾರಣವೇ ಉಳಿಯದು. ‘ಏಕಾಂತದಲ್ಲಿ’ ಎಂದರೆ ಗುಟ್ಟಿನ ಧ್ವನಿಯ ಜೊತೆಗೆ ಜಾಗಕ್ಕೆ ಒಗ್ಗದ ಆಪ್ತತೆಯೂ ಬರುತ್ತದೆ. ಆ ಒಗ್ಗದಿರುವಿಕೆಯೇ ಮೂಲಕ್ಕೆ ಹತ್ತಿರ. ಹಣ ಹೇಗೆ ಬೇಕು ಎಂಬ ಗುಮಾಸ್ತನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಅದು ವೃತ್ತಿಪರಿಭಾಷೆ, ಯಾವ ಬೆಲೆಯ ನೋಟುಗಳಲ್ಲಿ ಎಂದು ಅರ್ಥ. ಈ ಅರ್ಥವನ್ನು ಮೊದಲೇ ಬಿಡಿಸಿ ಹೇಳಿದರೆ ವಿದ್ಯಾರ್ಥಿ ಗುಮಾಸ್ತನ ಪಕ್ಕದಲ್ಲಿ ನಿಂತು ನಗುತ್ತಾನೆ. ಬಿಡಿಸದೆ ಓದಿಸಿದರೆ ನಿರೂಪಕನಂತೆ ಅವನೂ ಒಂದು ಕ್ಷಣ ತಬ್ಬಿಬ್ಬಾಗುತ್ತಾನೆ. ಪ್ರಶ್ನೆಯ ಪದಗಳೆಲ್ಲ ಗೊತ್ತು, ಪ್ರಶ್ನೆ ಮಾತ್ರ ಗೊತ್ತಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ತರಗತಿಯೇ ಇಂಥದೊಂದು ಕಿಂಡಿ. ಅವರನ್ನು ಗುಮಾಸ್ತರ ಸಾಲಿನಲ್ಲಿ ಕೂರಿಸಿ ನಗಿಸುವ ಪಾಠವು ಅವರಿಗೆ ಅವರ ಅನುಭವವನ್ನೇ ಅಪರಿಚಿತಗೊಳಿಸುತ್ತದೆ.

ಬ್ಯಾಂಕೆಂದರೆ ಎಲ್ಲೆಡೆಯೂ ಕಿಂಡಿಯೇ ಆಗಿರಬೇಕಿಲ್ಲ ಎಂಬುದಕ್ಕೆ ಕರಾವಳಿಯಲ್ಲೇ ನಿದರ್ಶನವಿದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನೇ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದ. 56 ಡಾಲರಿಗೆ ನಕ್ಕ ಬ್ಯಾಂಕಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ, ನಿರೂಪಕನ ಅಂಜಿಕೆ ಸ್ವಭಾವದೋಷ ಮಾತ್ರವೇ ಎಂಬ ಪ್ರಶ್ನೆ ಏಳುತ್ತದೆ. ಲೀಕಾಕ್ ಸ್ವತಃ ಷಿಕಾಗೊ ವಿಶ್ವವಿದ್ಯಾಲಯದಿಂದ 1903ರಲ್ಲಿ ಡಾಕ್ಟರೇಟ್ ಪಡೆದು, ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದವನು. ಹಣದ ವ್ಯವಹಾರ ತಿಳಿಯದವನ ಬರೆಹ ಇದಲ್ಲ.

ಚೆಕ್ಕಿನ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. ಕೈಖರ್ಚಿಗೆ 6 ಡಾಲರ್ ತೆಗೆಯಬೇಕೆಂದವನು ಗಾಬರಿಯಲ್ಲಿ 56 ಎಂದು ಬರೆಯುತ್ತಾನೆ. ತಿದ್ದಿಕೊಳ್ಳಲು ಅವಕಾಶವಿತ್ತು, ಗುಮಾಸ್ತ ಅಚ್ಚರಿಯಿಂದ ಕೇಳಿಯೂ ಕೇಳಿದ. ಆದರೆ ಅಷ್ಟರಲ್ಲಿ ಎಲ್ಲರೂ ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ತಪ್ಪಾಯಿತೆನ್ನುವುದಕ್ಕಿಂತ, ಯಾರೋ ತನ್ನನ್ನು ಅವಮಾನಿಸಿದ್ದರಿಂದ ಹಣ ಹಿಂದಕ್ಕೆ ಪಡೆಯುತ್ತಿರುವವನಂತೆ ಕಾಣಿಸಿಕೊಳ್ಳುವುದು ಅವನಿಗೆ ಮೇಲೆನಿಸುತ್ತದೆ. ನಟನೆಯೆಂದು ಅವನು ಎಣಿಸಿದ ಆ ಕಾರಣ ನಿಜವೇ ಆಗಿತ್ತು. ಅದು ಅವನಿಗೂ ಹೊಳೆಯಲಿಲ್ಲ. ಬಾಗಿಲು ಮುಚ್ಚಿಕೊಳ್ಳುತ್ತಿರುವಾಗ ಒಳಗಿನ ನಗೆಯ ಅಲೆ ಅವನಿಗೆ ಕೇಳಿಸುತ್ತದೆ. ಅಲ್ಲಿಂದಾಚೆಗೆ ಅವನ ನಗದು ಷರಾಯಿಯ ಜೇಬಿನಲ್ಲಿ, ಉಳಿತಾಯದ ಬೆಳ್ಳಿ ಡಾಲರುಗಳು ಕಾಲುಚೀಲದಲ್ಲಿ.