ಹಿಂದೆ ಕುಳಿತು ನಡೆಸುವವರು

ಊರ ಸಂಘಗಳು ಎಷ್ಟೋ ವೇಳೆ ಒಡೆಯುವುದು ಮುಂದೆ ನಿಲ್ಲತಕ್ಕವರು ಯಾರೆಂಬ ಜಗಳದಿಂದ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಯಕ್ಷಗಾನದಲ್ಲಿಯಾದರೋ ಆಟವನ್ನು ನಡೆಸುವ ಭಾಗವತರು ಕುಳಿತುಕೊಳ್ಳುವುದು ವೇಷಧಾರಿಗಳ ಹಿಂದೆ. ತಾಳವು ಅವರ ಕೈಯಲ್ಲಿ. ಮದ್ದಳೆ, ಚಂಡೆಗಳು ಅವರನ್ನು ಅನುಸರಿಸತಕ್ಕವು.

ಯಕ್ಷಗಾನದಲ್ಲಿ ಬರೆದಿಟ್ಟಿರುವುದು ಪದ್ಯ ಮಾತ್ರ. ಮಾತು ರಂಗದ ಮೇಲೆಯೇ ಆಶುವಾಗಿ ಹುಟ್ಟತಕ್ಕದ್ದು. ಆದಕಾರಣ ಅರ್ಥ ಹೇಳುವವನು ಎದುರು ಪಾತ್ರದ ಉತ್ತರಕ್ಕೆ ಎಡೆಗೊಡಬೇಕು. ತನ್ನ ಪಾಂಡಿತ್ಯವನ್ನೇ ಹರಡುತ್ತ ಹೋದರೆ ಪ್ರಸಂಗವು ಕೆಡುತ್ತದೆ. (ಇಂಥ ಪಂಡಿತರಿಗೆ ನಮ್ಮ ಸಭೆಗಳಲ್ಲಿಯೂ ಕೊರತೆಯಿಲ್ಲ.) ಆಗ ಭಾಗವತರು ಗದರುವುದಿಲ್ಲ; ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ, ಮಾತು ತಾನಾಗಿಯೇ ನಿಲ್ಲುತ್ತದೆ. ಕುಣಿಯುವವನ ಕಾಲು ಸೋತುದನ್ನು ಕಂಡರೆ ಲಯವನ್ನು ತಗ್ಗಿಸುತ್ತಾರೆ. ಎಲ್ಲರ ಪಾತ್ರವನ್ನೂ ತಿಳಿದವರಾದುದರಿಂದಲೇ ಅವರಿಗೆ ಈ ಅಧಿಕಾರ ಒದಗಿದೆ.

ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ತರುವಾಯ ಮಗ ಶಂಭು ಹೆಗಡೆಯವರೂ ಮೊಮ್ಮಗ ಶಿವಾನಂದ ಹೆಗಡೆಯವರೂ ಅದನ್ನು ಮುನ್ನಡೆಸಿದರು. ಮೂವರೂ ಸ್ವತಃ ವೇಷಧಾರಿಗಳು. ಮೇಳಕ್ಕೆ ಯಜಮಾನನೇ ಆಗಿರಲಿ, ಗೆಜ್ಜೆ ಕಟ್ಟಿ ರಂಗಕ್ಕೆ ಬಂದ ಮೇಲೆ ಭಾಗವತರ ತಾಳಕ್ಕೆ ಹೆಜ್ಜೆ ಹಾಕಲೇಬೇಕು. ಸಂಬಳ ಕೊಡುವವನು ತಾನೆಂಬ ಮಾತು ಅಲ್ಲಿ ಸಲ್ಲದು.