ಕೊಡಲಿ ಎತ್ತುವ ಮುನ್ನ

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟ ಇದ್ದವರಲ್ಲಿ ಬಹಳಷ್ಟು ಜನರಿಗೆ ಸೊಪ್ಪಿನ ಬೆಟ್ಟವೂ ಇರುತ್ತದೆ. ತೋಟಕ್ಕೆ ಸೊಪ್ಪು, ದರಕು ಬರುವುದು ಅಲ್ಲಿಂದಲೇ. ಬೆಟ್ಟದಲ್ಲಿ ಯಾವ ಮರ ಇರಲಿ, ಯಾವುದು ಹೋಗಲಿ ಎನ್ನುವ ಪ್ರಶ್ನೆ ವರ್ಷವರ್ಷವೂ ಎದುರಾಗುತ್ತದೆ. ಅದನ್ನು ತೀರ್ಮಾನಿಸುವಾಗ ನನಗೆ ನೆರವಾದ ಪಾಠಗಳಿವು. ಹೊಸದಾಗಿ ತೋಟಕ್ಕಿಳಿದ ಹುಡುಗರಿಗೆಂದೇ ಬರೆಯುತ್ತಿದ್ದೇನೆ.

1. ಅತ್ತಿ ಮರಕ್ಕೆ ಕೈ ಹಚ್ಚಬೇಡಿ.
ನಾಟಾಕ್ಕೆ ಬಾರದು ಎಂದು ಮೊದಲು ಉರುಳುವುದು ಇದೇ ಮರ. ಅದಕ್ಕೂ ಮುಂಚೆ ಒಂದು ಕಾಯಿ ಸೀಳಿ ನೋಡಿ. ನಾವು ಕಾಯಿ ಎನ್ನುವುದು ನಿಜಕ್ಕೂ ಒಳಮುಖವಾಗಿ ಅರಳಿದ ಪುಟ್ಟ ಹೂಗಳ ರಾಶಿ. ತುದಿಯಲ್ಲಿ ಒಂದು ಸಣ್ಣ ಕಂಡಿ. ಅದರೊಳಗೆ ನುಸುಳುವುದು ಎಳ್ಳಿಗಿಂತ ದೊಡ್ಡದಲ್ಲದ ಒಂದು ಕಣಜ. ನುಗ್ಗುವ ರಭಸಕ್ಕೆ ರೆಕ್ಕೆ ಹರಿಯುತ್ತದೆ, ವಾಪಸು ಬರುವ ಮಾತಿಲ್ಲ. ಹುಟ್ಟಿದ ಮರದಿಂದ ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಗೆ ಊಟವಾದರೆ, ಉಳಿದವುಗಳಲ್ಲಿ ಮರದ ಬೀಜ ಕಟ್ಟುತ್ತದೆ.

ಮರಿಗಳು ಬೆಳೆದಾಗ ಮೊದಲು ಹೊರಬರುವುದು ರೆಕ್ಕೆಯಿಲ್ಲದ ಗಂಡುಗಳು. ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆ ಕೊರೆದು ಅವಕ್ಕೆ ದಾರಿ ಮಾಡಿಕೊಡುವಷ್ಟರಲ್ಲಿ ಗಂಡುಗಳ ಆಯಸ್ಸು ಮುಗಿಯುತ್ತದೆ. ಪರಾಗ ಹೊತ್ತು ಹಾರಿದ ಹೆಣ್ಣಿಗಾದರೂ ಇರುವುದು ಒಂದೆರಡು ದಿನ. ಅಷ್ಟರೊಳಗೆ ಎಳೆಗಾಯಿ ಬಿಟ್ಟ ಇನ್ನೊಂದು ಅತ್ತಿ ಸಿಗಬೇಕು. ಒಂದು ಮರದ ಕಾಯಿಗಳು ಹೆಚ್ಚಾಗಿ ಒಟ್ಟಿಗೇ ಬಲಿಯುವುದರಿಂದ ಹುಟ್ಟಿದ ಮರವನ್ನು ನೆಚ್ಚುವಂತಿಲ್ಲ. ಹಳ್ಳದುದ್ದಕ್ಕೂ ಬೇರೆ ಬೇರೆ ಸಮಯಕ್ಕೆ ಕಾಯಿ ಬಿಡುವ ಹಲವು ಮರಗಳಿದ್ದರಷ್ಟೇ ಈ ಸಂಸಾರ ನಡೆದೀತು. ಉಳಿದ ಹಣ್ಣು ಮುಗಿದ ಕಾಲದಲ್ಲಿ ಮಂಗಟ್ಟೆ, ಕುಟ್ರು ಹಕ್ಕಿ, ಬಾವಲಿ, ಮಂಗ ಎಲ್ಲಕ್ಕೂ ಅತ್ತಿ ಹಣ್ಣೇ ಗತಿ. ಅತ್ತಿ ಇಲ್ಲವಾದರೆ ಮಂಗ ಎಲ್ಲಿಗೆ ಬರುತ್ತದೆಂದು ತೋಟದವರಿಗೆ ಹೇಳಬೇಕಾಗಿಲ್ಲ.

2. ಕೊಡುಕೊಳ್ಳುವಿಕೆ ಇದ್ದಲ್ಲಿ ಕಳ್ಳರೂ ಇರುತ್ತಾರೆ.
ಅದೇ ಕಾಯಿಯ ಹೊರಮೈ ಮೇಲೆ ಕೂತು ಉದ್ದನೆಯ ಅಂಗದಿಂದ ಚುಚ್ಚುವ ಬೇರೆ ಕಣಜಗಳಿವೆ. ಪರಾಗ ತರುವುದಿಲ್ಲ, ಮೊಟ್ಟೆ ಮಾತ್ರ ಒಳಗೆ ಇಳಿಸುತ್ತವೆ. ಇಂಥದೊಂದು ಪರಾವಲಂಬಿ ಕಣಜದ ಆ ಅಂಗ ಕೂದಲಿಗಿಂತ ಸಪೂರವಾಗಿದ್ದರೂ ತುದಿ ಸತುವಿನಿಂದ ಗಟ್ಟಿಯಾಗಿರುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ತೋರಿಸಿದರು. ಕಾಯಿಯ ಮೇಲೆ ಚಗಳಿ ಇರುವೆ ಓಡಾಡುತ್ತಿದ್ದರೆ ಇವಕ್ಕೆ ನಿಂತು ಚುಚ್ಚಲು ಪುರಸೊತ್ತು ಸಿಗುವುದಿಲ್ಲ. ಪರಾಗದ ಕಣಜವಾದರೋ ಒಮ್ಮೆ ಒಳಹೊಕ್ಕರೆ ನಿರಾಳ.

3. ಚಗಳಿ ಕೊಟ್ಟೆಗೆ ಬೆಂಕಿ ಹಿಡಿಯುವ ಮೊದಲು ಸ್ವಲ್ಪ ಹೊತ್ತು ನೋಡಿ.
ಕಚ್ಚುತ್ತದೆ, ನಿಜ. ಆದರೆ ಕೊಟ್ಟೆ ಕಟ್ಟುವುದನ್ನು ನೋಡಿದ ಮೇಲೆ ಅದನ್ನು ಸುಡಲು ಮನಸ್ಸು ಬರುವುದಿಲ್ಲ. ಎರಡು ಎಲೆಗಳ ನಡುವೆ ಅಂತರ ಹೆಚ್ಚಿದ್ದರೆ ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿಯಾಗುತ್ತವೆ, ಎಲೆಯಂಚನ್ನು ಎಳೆದು ತರುತ್ತವೆ. ಹೊಲಿಯಲು ಬೇಕಾದ ನೂಲು ಬೆಳೆದ ಇರುವೆಯಲ್ಲಿಲ್ಲ, ಮರಿಹುಳುವಿನಲ್ಲಿದೆ. ಹಾಗಾಗಿ ಮರಿಯನ್ನೇ ಬಾಯಲ್ಲಿ ಕಚ್ಚಿ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸುತ್ತವೆ. ಗೇರು ಮರದಲ್ಲಿ ಚಗಳಿಯಿದ್ದರೆ ಚಿಗುರು ಹೀರುವ ಟೀ ಸೊಳ್ಳೆಯ ಕಾಟ ತಗ್ಗುತ್ತದೆ. ಸಿಹಿ ರಸ ಸುರಿಸುವ ಹಿಟ್ಟು ತಿಗಣೆಗಳನ್ನೂ ಅದು ಸಾಕುತ್ತದೆ ಎನ್ನುವುದು ಅಷ್ಟೇ ದಿಟ. ಆದ್ದರಿಂದ ಎಲ್ಲ ಮರಕ್ಕೂ ಚಗಳಿ ಬಿಡಿ ಎಂದು ನಾನು ಹೇಳುವುದಿಲ್ಲ. ಗೇರಿನಲ್ಲಿದ್ದರೆ ಇರಲಿ.

4. ಕಾಯಿ ಬಿಡದ ಮರ ದಂಡದ ಮರವಲ್ಲ.
ಸಿದ್ದಾಪುರ ಕಡೆಯ ಕತ್ತಲೆಕಾನಿನ ಜಡ್ಡಿಗಳಲ್ಲಿ, ಅಂದರೆ ಜೌಗು ಕಾಡಿನಲ್ಲಿ, ರಾಮಪತ್ರೆಯ ಬಳಗದ ಮರಗಳು ವರ್ಷವಿಡೀ ನೀರಲ್ಲಿ ನಿಲ್ಲುತ್ತವೆ. ಕೆಸರಿನೊಳಗೆ ಉಸಿರಾಟಕ್ಕೆ ಗಾಳಿ ಸಾಲದು. ಅದಕ್ಕೇ ಬೇರು ಮಂಡಿ ಮಡಚಿದಂತೆ ಮೇಲೆದ್ದು, ಬಾಗಿ ಮತ್ತೆ ಮಣ್ಣಿಗಿಳಿಯುತ್ತದೆ. ಈ ಬಳಗದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜಕ್ಕೆ ಸುತ್ತಿಕೊಂಡ ಪತ್ರೆ ಕೊಡುವುದಿಲ್ಲವೆಂದು ಗಂಡು ಮರ ಕಡಿದರೆ ಹೆಣ್ಣು ಮರವೂ ಬಂಜೆ. ಪತ್ರೆಯ ಆಸೆಗೆ ಎಳೆಗಾಯಿ ಉದುರಿಸುವುದೂ ಬೇಡ. ತಾನಾಗಿ ಬಿರಿದ ಕಾಯಿಯ ಬೀಜವನ್ನು ಮಂಗಟ್ಟೆ ಪತ್ರೆ ಸಮೇತ ನುಂಗಿ, ದೂರದಲ್ಲಿ ಬೀಜವನ್ನಷ್ಟೇ ಕಕ್ಕುತ್ತದೆ. ಈ ಬೀಜ ಒಣಗಿದರೆ ಸತ್ತಂತೆ, ತೇವವಿದ್ದಲ್ಲಿ ಬಿದ್ದರೆ ಮಾತ್ರ ಮೊಳಕೆ. ಹಾಗಾಗಿ ತೋಟಕ್ಕೆಂದು ಜಡ್ಡಿಯ ನೀರು ತಿರುಗಿಸುವ ಯೋಚನೆಯನ್ನೂ ಬಿಡಿ.

5. ಏಲಕ್ಕಿ ಹೂವಿನ ಹೊತ್ತು ಗೊತ್ತಿರಲಿ.
ಒಂದು ಹೂವಿನ ಬಾಳು ಒಂದೇ ದಿನ. ತುಡುವೆ ಜೇನು ಬಂದು ಹೋಗುವುದು ಹೆಚ್ಚಾಗಿ ಬೆಳಗಿನ ಹೊತ್ತು. ಔಷಧಿ ಹೊಡೆಯಲೇಬೇಕಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಪಕ್ಕದ ತೋಟದವರಿಗೂ ಮೊದಲೇ ಒಂದು ಮಾತು ಹೇಳಿಡಿ, ಅವರ ಪೆಟ್ಟಿಗೆಯ ಜೇನೂ ನಿಮ್ಮ ಹೂವಿಗೇ ಬರುತ್ತಿರುತ್ತದೆ.