ಹಿತ್ತಿಲ ಇಳಿಜಾರಿಗೆ ಯಾವ ಗಿಡ?

ತೆಲಿಗಿ, ಹರಪನಹಳ್ಳಿ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಇರುತ್ತದೆ. ಬಿರುಸಿನ ಮಳೆಗೆ ಬೋಳು ಇಳಿಜಾರಿನಿಂದ ಕೊಚ್ಚಿ ಬರುತ್ತದೆ. ಚರಂಡಿ ಕಟ್ಟಿಕೊಂಡು ನೀರು ನಿಲ್ಲುತ್ತದೆ, ಸೊಳ್ಳೆ ಹೆಚ್ಚುತ್ತವೆ. ಕೆಳಗೆ ನೀರಿನ ತೊಟ್ಟಿಯಿದ್ದರೆ ಕುಡಿಯುವ, ವುಝೂ ಮಾಡುವ ನೀರೂ ಕೆಡುತ್ತದೆ. ಆದ್ದರಿಂದ ಇಳಿಜಾರನ್ನು ಭದ್ರಪಡಿಸುವುದೂ ಮನೆಯ ಶುಚಿತ್ವದ ಭಾಗವೇ.

ಅನೇಕರು ಅಲ್ಲಿ ಔಷಧಿ ಗಿಡ ನೆಡಲು ಬಯಸುತ್ತಾರೆ. ಒಳ್ಳೆಯದೇ. ಆದರೆ ಒಂದು ನಿಯಮ ನೆನಪಿರಲಿ: ಇಳಿಜಾರಿನಲ್ಲಿ ಎಲೆಯ ಮದ್ದು, ಸಮತಟ್ಟಿನಲ್ಲಿ ಬೇರಿನ ಮದ್ದು. ಅಶ್ವಗಂಧ, ಶತಾವರಿ, ಅರಿಶಿನ, ಶುಂಠಿಗಳನ್ನು ಅಗೆದು ತೆಗೆಯಬೇಕು. ಅಗೆದಾಗಲೆಲ್ಲ ಮಣ್ಣು ಸಡಿಲವಾಗುತ್ತದೆ.

ಮೊದಲ ಆಯ್ಕೆ ಲಾವಂಚ. ಯುನಾನಿಯಲ್ಲಿ ಇದು ‘ಖಸ್’. ಇದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ, 6ರಿಂದ 10 ಅಡಿಯವರೆಗೂ ಹೋಗಬಲ್ಲದು. ಗುಂಡ್ಲುಪೇಟೆ ಕಡೆಯ ರೈತರು ಬಹು ಹಿಂದಿನಿಂದ ಹೊಲದ ಬದುವಿಗೆ ಇದನ್ನೇ ನೆಡುತ್ತ ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಇದನ್ನು ಬೇರೆಡೆಗೂ ಪರಿಚಯಿಸಿದರು. ಖಸ್ ಶರಬತ್ತಿಗೆ ಬೇರು ಬೇಕೆಂದರೆ ಗೋಣಿಚೀಲದಲ್ಲಿ ಮಣ್ಣು ತುಂಬಿ ಬೇರೆ ಬೆಳೆಸಿ, ಇಳಿಜಾರಿನದನ್ನು ಕೀಳಬೇಡಿ.

ಸಾಲುಗಳ ನಡುವೆ ಲಕ್ಕಿ, ಆಡುಸೋಗೆ ಹಾಕಿ. ಇವನ್ನು ಮೇಕೆಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಲಕ್ಕಿ ಎಲೆಯ ಶಾಖ ಕೀಲುನೋವಿಗೆ ಹಿತ. ಆಡುಸೋಗೆ ಎಲೆ ಕೆಮ್ಮಿಗೆ ಬಳಕೆಯಲ್ಲಿದೆ, ಗರ್ಭಿಣಿಯರಿಗೆ ಕೊಡಬಾರದು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಕಣಗಿಲೆ ಬರ ತಡೆಯುತ್ತದೆ, ನಿಜ. ಆದರೆ ಅದರ ಎಲ್ಲ ಭಾಗವೂ ವಿಷ, ಮಕ್ಕಳಿರುವ ಮನೆಗೆ ಬೇಡ.

ನೆಡುವ ಕ್ರಮ ಹೀಗೆ:

1. ಮುಂಗಾರು ಆರಂಭದಲ್ಲಿ ನೆಡಿ. ಇರುವ ಹುಲ್ಲನ್ನು ಒಮ್ಮೆಲೇ ಕೆತ್ತಬೇಡಿ.
2. ಗೌಂಡಿಗಳ ನೀರಿನ ಪೈಪಿನಿಂದ ಮಟ್ಟ ನೋಡಿ, ಇಳಿಜಾರಿಗೆ ಅಡ್ಡಲಾಗಿ ಗೆರೆ ಹಾಕಿ. ಮೇಲಿಂದ ಕೆಳಕ್ಕೆ ಸಾಲು ಮಾಡಿದರೆ ಅದೇ ನೀರಿನ ಕಾಲುವೆಯಾಗುತ್ತದೆ.
3. ಲಾವಂಚದ ತೆಂಡೆಗಳನ್ನು 4ರಿಂದ 6 ಇಂಚಿಗೊಂದರಂತೆ ನೆಡಿ. ಎತ್ತರ 3 ಅಡಿ ಇಳಿದಂತೆ ಇನ್ನೊಂದು ಸಾಲು ಇರಲಿ.
4. ಮಳೆ ಬಿಡುವು ಕೊಟ್ಟಾಗ ವುಝೂ ಮಾಡಿದ ನೀರನ್ನು ಬುಡಕ್ಕೆ ಹಾಯಿಸಿ. ಕತ್ತರಿಸಿದ ಹುಲ್ಲನ್ನು ಬೋಳು ಮಣ್ಣಿಗೆ ಹೊದಿಸಿ.

ಗೋಡೆಯಂತೆ ಕಡಿದಾದ, ಬಿರುಕು ಬಿಟ್ಟ ದಂಡೆಯನ್ನು ಗಿಡಗಳಷ್ಟೇ ತಡೆಯಲಾರವು. ಅಲ್ಲಿ ಕಲ್ಲಿನ ಕಟ್ಟಡವೇ ಬೇಕು. ಅದರ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ.

ನೆಟ್ಟ ಗಿಡದಿಂದ ಮನುಷ್ಯ, ಪಕ್ಷಿ, ಪ್ರಾಣಿ ಉಂಡದ್ದೆಲ್ಲ ನೆಟ್ಟವನಿಗೆ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ನಮ್ಮ ಹಿತ್ತಿಲ ಮಣ್ಣು ನೆರೆಯವರ ಅಂಗಳಕ್ಕೆ ಹರಿಯದಂತೆ ತಡೆಯುವುದು ನೆರೆಹೊರೆಯ ಹಕ್ಕನ್ನು ಕಾಯುವುದೂ ಹೌದು.